ತಾರಸಿಯೂ ಅಪ್ರಮಾದವೂ

ಗೃಹಸ್ಥನು ಹಿಂಸೆಯನ್ನು ಸರ್ವಾಂಶದಲ್ಲಿ ಬಿಡಲಾರನೆಂಬುದನ್ನು ಜೈನಾಚಾರ್ಯರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಸಂಕಲ್ಪೀ ಹಿಂಸೆಯನ್ನು ಶ್ರಾವಕನಿಗೆ ಸಂಪೂರ್ಣವಾಗಿ ನಿಷೇಧಿಸಿ, ಅಡುಗೆ, ಮನೆ ಕಟ್ಟುವಿಕೆ ಮೊದಲಾದ ಕಾರ್ಯಗಳಲ್ಲಿ ಒದಗುವ ಆರಂಭೀ ಹಿಂಸೆಯನ್ನು ಬೇರೆಯಾಗಿ ಎಣಿಸಿದರು. ಹಾಗೆ ಎಣಿಸಿದ ಮಾತ್ರಕ್ಕೆ ಅದಕ್ಕೆ ಮುಕ್ತ ಅನುಮತಿ ದೊರೆಯಿತೆಂದು ಭಾವಿಸುವುದು ಸರಿಯಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಇಡುತ್ತದೆ. ಶ್ರಾವಕಾಚಾರದ ಗ್ರಂಥಗಳು ಪ್ರಮಾದಚರ್ಯೆಯನ್ನು ಅನರ್ಥದಂಡಗಳಲ್ಲಿ ಒಂದೆಂದು ಹೇಳುತ್ತವೆ. ಕೊಲ್ಲಬೇಕೆಂಬ ಬಯಕೆ ಇಲ್ಲದಿದ್ದರೂ, ನೋಡಬೇಕಾದುದನ್ನು ನೋಡದೆ ನಡೆದವನು ಹೊಣೆಯಿಂದ ಪಾರಾಗುವುದಿಲ್ಲ. ನೀರು ಸೋಸುವಾಗ, ದೀಪ ಹಚ್ಚುವಾಗ, ಹೆಜ್ಜೆ ಇಡುವಾಗ ಈ ಮಾತನ್ನು ಸ್ಮರಿಸುವ ಮನೆತನಗಳು ಇಂದಿಗೂ ಇವೆ. ಆದರೆ ಅದೇ ಮನೆಯ ತಾರಸಿಯ ಮೇಲೆ ಎಂಟು ದಿನದ ಮಳೆನೀರು ನಿಂತಿದೆಯೇ ಎಂದು ಮೆಟ್ಟಿಲು ಹತ್ತಿ ನೋಡುವವರು ವಿರಳ. ಶ್ರಾವಕನ ಕಣ್ಣು ನೆಲದ ಮೇಲಿರುವಷ್ಟು ಮಾಡಿನ ಮೇಲಿರುವುದಿಲ್ಲ.

ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಚಪ್ಪಟೆ ಮಾಡಿನ ಗುಣವೂ ದೋಷವೂ ಒಟ್ಟಿಗೆ ತಿಳಿಯುತ್ತವೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣಿನ ಹೊದಿಕೆ. ನೀರು ತಗುಲಿದೊಡನೆ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವ ಈ ಮಣ್ಣಿನ ಗುಣವನ್ನು ಹಿರಿಯರು ಯಾವ ಪ್ರಯೋಗಶಾಲೆಯೂ ಇಲ್ಲದೆ ಕಂಡುಕೊಂಡಿದ್ದರು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಖರ್ಚು ಅತ್ಯಲ್ಪ. ಆದರೆ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕುವಾಗ ಹಳೆಯದನ್ನು ತೆಗೆಯುವ ಶ್ರಮವನ್ನು ಎಲ್ಲರೂ ವಹಿಸುತ್ತಿರಲಿಲ್ಲ. ಪದರದ ಮೇಲೆ ಪದರ ಏರಿತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದರ ತೂಕ ಸುಮಾರು ನಾಲ್ಕೂವರೆ ಟನ್ನು. ನೆನೆದಾಗ ಇನ್ನೂ ಹೆಚ್ಚು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ನಿದ್ರೆಯಲ್ಲಿದ್ದ ಸಾವಿರಾರು ಜನರು ಸತ್ತರು. ಅವರಲ್ಲಿ ಬಹುಪಾಲು ಜನರ ಮೇಲೆ ಬಿದ್ದುದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆ ಮತ್ತು ಅದು ಹೊತ್ತಿದ್ದ ಈ ಭಾರವಾದ ಮಾಡು. ಭೂಕಂಪಕ್ಕೆ ಮನುಷ್ಯನು ಹೊಣೆಯಲ್ಲ; ವರ್ಷ ವರ್ಷವೂ ತಲೆಯ ಮೇಲೆ ತಾನೇ ಏರಿಸಿಕೊಂಡ ಭಾರದ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ.

ಆ ಮಾಳಿಗೆಗಳ ಸ್ಥಾನದಲ್ಲಿ ಇಂದು ಕಾಂಕ್ರೀಟಿನ ತಾರಸಿ ಬಂದಿದೆ, ಆದರೆ ಪದರದ ಮೇಲೆ ಪದರ ಹಾಕುವ ಅಭ್ಯಾಸ ಹೋಗಿಲ್ಲ. ಸೋರಿತೆಂದು ಇಟ್ಟಿಗೆ ಚೂರು ಮತ್ತು ಗಾರೆಯ ಒಂದು ಹಾಸು, ಹತ್ತು ವರ್ಷದ ನಂತರ ಮತ್ತೆ ಸೋರಿತೆಂದು ಅದರ ಮೇಲೆ ಇನ್ನೊಂದು. ನಾಲ್ಕು ಇಂಚಿನ ಇಂತಹ ಒಂದು ಹಾಸು ಪ್ರತಿ ಚದರ ಮೀಟರಿಗೆ ಇನ್ನೂರು ಕಿಲೋಗ್ರಾಂನಷ್ಟು ಭಾರವನ್ನು ಕೂಡಿಸುತ್ತದೆ. ಸೋರಿಕೆಯ ಮೂಲವನ್ನು ಹುಡುಕದೆ ಹಾಕಿದ ಹೊದಿಕೆ ರೋಗವನ್ನು ಮುಚ್ಚುತ್ತದೆ. ಒಳಗೆ ಇಳಿದ ನೀರು ಕಬ್ಬಿಣವನ್ನು ತುಕ್ಕು ಹಿಡಿಸಿ, ಉಬ್ಬಿದ ಕಬ್ಬಿಣವು ಕೆಳಗಿನ ಕಾಂಕ್ರೀಟನ್ನು ಹೆಕ್ಕಳಿಕೆಯಾಗಿ ಬೀಳಿಸುತ್ತದೆ. ಮೂಲವಾದರೂ ಬಹಳ ಸಲ ಕ್ಷುಲ್ಲಕವಾದುದೇ. ನೀರು ಹರಿಯಲು ನೂರಡಿಗೆ ಒಂದು ಅಡಿಯಷ್ಟಾದರೂ ವಾಟ ಇರುವುದಿಲ್ಲ, ಅಥವಾ ನೀರು ಹೋಗುವ ಒಂದೇ ಒಂದು ತೂಬಿನಲ್ಲಿ ಒಣ ಎಲೆ ಕಟ್ಟಿಕೊಂಡಿರುತ್ತದೆ. ಸಾವಿರ ಚದರಡಿಯ ತಾರಸಿಯ ಮೇಲೆ ನಾಲ್ಕು ಇಂಚು ನೀರು ನಿಂತರೆ ಅದು ಒಂಬತ್ತು ಟನ್ನಿಗೂ ಹೆಚ್ಚು. ತೂಬು ಎರಡಿರಬೇಕೆಂದು ಅನುಭವಿ ಮೇಸ್ತ್ರಿಗಳು ಹೇಳುವುದು ಇದಕ್ಕಾಗಿಯೇ. ಒಂದು ಕಟ್ಟಿದಾಗ ಇನ್ನೊಂದು ಹರಿಯುತ್ತದೆ.

ನಿಂತ ನೀರಿನಲ್ಲಿ ಭಾರ ಮಾತ್ರ ಇರುವುದಿಲ್ಲ. ಒಂದು ವಾರದಲ್ಲಿ ಅದು ಸೊಳ್ಳೆಯ ಮರಿಗಳಿಂದ ತುಂಬುತ್ತದೆ, ಕೆಲವು ವಾರಗಳಲ್ಲಿ ಪಾಚಿ ಹಬ್ಬುತ್ತದೆ. ಆಮೇಲೆ ಶ್ರಾವಕನ ಮುಂದೆ ಸಂಕಟವೊಂದು ನಿಲ್ಲುತ್ತದೆ. ಪಾಚಿಯನ್ನು ಕೆರೆದು, ಆಸಿಡ್ ಸುರಿದು ತೆಗೆದರೆ ಅಸಂಖ್ಯಾತ ಏಕೇಂದ್ರಿಯ ಜೀವಗಳ ಘಾತ. ಬಿಟ್ಟರೆ ಮನೆಯ ವೃದ್ಧರು ಅದರ ಮೇಲೆ ಜಾರಿ ಬೀಳುವ ಭಯ, ಮಕ್ಕಳಿಗೆ ಡೆಂಗೆಯ ಭಯ. ಈ ಸಂಕಟಕ್ಕೆ ಮಳೆಗಾಲದಲ್ಲಿ ಉತ್ತರವಿಲ್ಲ. ಉತ್ತರವಿರುವುದು ಚೈತ್ರ-ವೈಶಾಖಗಳಲ್ಲಿ, ತಾರಸಿ ಒಣಗಿ ನಿರ್ಜಂತುಪ್ರಾಯವಾಗಿರುವಾಗ, ಮೃದುವಾದ ಪೊರಕೆಯಿಂದ ಗುಡಿಸಿ, ತಗ್ಗನ್ನು ತುಂಬಿ, ತೂಬಿಗೆ ಜಾಲರಿ ಕೂರಿಸುವುದರಲ್ಲಿ. ಜೀವೋತ್ಪತ್ತಿ ಹೆಚ್ಚಿರುವ ಕಾಲವೆಂದೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನು ನಿಲ್ಲಿಸುತ್ತಾರೆ. ಗೃಹಸ್ಥನ ಮಾಡಿನ ಕೆಲಸವೂ ಅದಕ್ಕಿಂತ ಮೊದಲೇ ಮುಗಿಯಬೇಕಲ್ಲವೇ?

ಕರಾವಳಿಯವರು ಬೇರೆಯ ದಾರಿ ಹಿಡಿದರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಚಪ್ಪಟೆ ಮಾಡು ನಿಲ್ಲದೆಂದು ತಿಳಿದು, 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಟ್ಟಿದವರು ಕೆಳಗೆ ಇಳಿಜಾರಾಗಿ ಜೋಡಿಸಿದ ಕಲ್ಲಿನ ಚಪ್ಪಡಿಗಳನ್ನೂ ಮೇಲಿನ ಅಂತಸ್ತುಗಳಿಗೆ ಮರದ ಕಟ್ಟಿನ ಮೇಲೆ ತಾಮ್ರದ ಹೊದಿಕೆಯನ್ನೂ ಬಳಸಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಸಾಮಾನ್ಯರಿಗೂ ಇಳಿಜಾರು ಮಾಡು ಸುಲಭವಾಯಿತು. ತಾಮ್ರ ದುಬಾರಿ, ಆದರೆ ತಲೆಮಾರುಗಳ ಕಾಲ ಬಾಳುತ್ತದೆ. ಅದಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಮಾತ್ರ ಎರಡೂ ತಗುಲುವಲ್ಲಿ ಕಬ್ಬಿಣವು ಬೇಗನೆ ಸವೆದು ಹೋಗುತ್ತದೆ. ತಾಮ್ರಕ್ಕೆ ತಾಮ್ರದ ಮೊಳೆಯೇ ತಕ್ಕುದು. ಜೀರ್ಣೋದ್ಧಾರದ ಗುತ್ತಿಗೆಯಲ್ಲಿ ಉಳಿತಾಯಕ್ಕೆಂದು ಮೊದಲು ಬದಲಾಗುವುದು ಇಂತಹ ಸಣ್ಣ ವಸ್ತುಗಳೇ. ಸುಣ್ಣದ ಗಾರೆಯ ವಿಷಯದಲ್ಲಿಯೂ ಒಂದು ಮಾತು ಕೇಳಬೇಕು: ಬೆಲ್ಲ, ಅಳಲೆಕಾಯಿಗಳನ್ನು ಕೂಡಿಸುವುದು ವಾಡಿಕೆಯಾದರೂ ದಕ್ಷಿಣದ ಕೆಲವು ಕಡೆ ನಯಗಾರೆಗೆ ಮೊಟ್ಟೆಯ ಬಿಳಿಯನ್ನು ಸೇರಿಸುವ ಪದ್ಧತಿಯೂ ಇತ್ತು. ಬಸದಿಯ ಕೆಲಸದಲ್ಲಿ ಕೇಳದೆ ಬಿಡುವುದು ಉಚಿತವಲ್ಲ.

ಭೋಜನಶಾಲೆಗೋ ವಾಹನ ನಿಲ್ಲಿಸುವ ಜಾಗಕ್ಕೋ ಅಗ್ಗದ ಮಾಡು ಬೇಕೆಂದಾಗ ಕಲ್ನಾರು ಶೀಟಿನ ಹೆಸರು ಬರುತ್ತದೆ. ಬೆಂಕಿ ಹಿಡಿಯದು, ತುಕ್ಕು ಹಿಡಿಯದು, ಎಂಬ ಗುಣಗಳು ನಿಜ. ಆದರೆ ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆಯುವಾಗ ಏಳುವ ಅದರ ಧೂಳು ಶ್ವಾಸಕೋಶವನ್ನು ಸೇರಿ ದಶಕಗಳ ನಂತರ ಕ್ಯಾನ್ಸರನ್ನು ತರಬಲ್ಲದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಈ ಕಾರ್ಖಾನೆಗಳ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಆದೇಶಿಸಿದುದು ರೋಗವು ಅಷ್ಟು ತಡವಾಗಿ ತೋರುವುದರಿಂದಲೇ. ಕೊಂಡವನಿಗೆ ಲಾಭ, ಗಣಿಯಲ್ಲಿಯೂ ಕಾರ್ಖಾನೆಯಲ್ಲಿಯೂ ದುಡಿದವನಿಗೆ ರೋಗ ಎಂಬ ವ್ಯಾಪಾರದಲ್ಲಿ ಅಹಿಂಸಾವ್ರತಿಯು ಪಾಲುದಾರನಾಗಬೇಕಾದ ಅಗತ್ಯವಿಲ್ಲ. ಸತುವಿನ ಲೇಪವುಳ್ಳ ಉಕ್ಕಿನ ತಗಡು ಸುಲಭವಾಗಿಯೇ ಸಿಗುತ್ತದೆ. ಅದು ಕಾಯುತ್ತದೆ, ಮಳೆಯಲ್ಲಿ ಸದ್ದು ಮಾಡುತ್ತದೆ ಎಂಬುದು ಸಹಿಸಬಹುದಾದ ದೋಷ. ಹಳೆಯ ಕಲ್ನಾರು ಶೀಟು ಈಗಾಗಲೇ ಇರುವಲ್ಲಿ ಅದನ್ನು ಒಡೆಯದೆ, ನೀರಿನಿಂದ ತೇವಮಾಡಿ, ಇಡಿಯಾಗಿ ಇಳಿಸಬೇಕು. ಅದರ ಮೇಲೆ ನೇರವಾಗಿ ಕಾಲಿಡಲು ಯಾರಿಗೂ ಹೇಳಬಾರದು. ಗಟ್ಟಿಯಾಗಿ ಕಾಣುವ ಶೀಟು, ಬೆಳಕಿಗೆಂದು ನಡುವೆ ಹಾಕಿದ ಬಿಸಿಲಿಗೆ ಕೊಳೆತ ಪ್ಲಾಸ್ಟಿಕ್ ಶೀಟು ಇವೆರಡೂ ಕಾಲಡಿಯಲ್ಲಿ ಏಕಾಏಕಿ ಮುರಿಯುತ್ತವೆ. ಮೇಲೆ ಹತ್ತುವವನು ದಿನಗೂಲಿಯ ಬಡವನೇ ಹೊರತು ಟ್ರಸ್ಟಿಯಲ್ಲ.

ಜನ ಹತ್ತುವ ತಾರಸಿಗೆ ಕೈಪಿಡಿ ಗೋಡೆ ಒಂದು ಮೀಟರಿಗಿಂತ ಕಡಿಮೆ ಇರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹಪ್ಪಳ ಸಂಡಿಗೆ ಒಣಗಿಸುವ, ಮಕ್ಕಳು ಗಾಳಿಪಟ ಹಾರಿಸುವ ಎಷ್ಟೋ ಮನೆಗಳಲ್ಲಿ ಅದು ಮೊಣಕಾಲೆತ್ತರವೂ ಇಲ್ಲ. ಪಕ್ಷಿಗಳಿಗೆಂದು ನೀರಿನ ಮಡಕೆಯನ್ನು ಆ ಗೋಡೆಯ ಅಂಚಿನಲ್ಲಿಡುವುದು ದಯೆಯೇ ಸರಿ. ಬೀದಿಯಲ್ಲಿ ಹೋಗುವವನ ತಲೆಯ ಮೇಲೆ ಅದು ಬಿದ್ದರೆ? ವಸ್ತುವನ್ನು ಎತ್ತುವ ಇಡುವ ಎಚ್ಚರವನ್ನು ಆದಾನ-ನಿಕ್ಷೇಪಣ ಸಮಿತಿಯೆಂದು ಮುನಿಗಳಿಗೆ ವಿಧಿಸಿದೆ. ಮಡಕೆ ಒಳಬದಿಯಲ್ಲಿರಲಿ, ನೀರು ದಿನವೂ ಬದಲಾಗಲಿ.

ಉತ್ಸವದ ದಿನ ತಾರಸಿಯೇ ಸಭಾಂಗಣವಾಗುವುದುಂಟು. ಜನರು ಹತ್ತಬಲ್ಲ ಸಾಮಾನ್ಯ ತಾರಸಿಯನ್ನು ಭಾರತೀಯ ಮಾನಕದ ಪ್ರಕಾರ ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಜನ ನಿಂತು ಸೇರುವ ಸಭಾಂಗಣಕ್ಕೆ ಸುಮಾರು 500. 2023ರ ಮಾರ್ಚ್ 30ರ ರಾಮನವಮಿಯಂದು ಇಂದೋರಿನ ಒಂದು ಮಂದಿರದಲ್ಲಿ ಹಳೆಯ ಬಾವಿಯ ಮೇಲೆ ಹಾಸಿದ್ದ ಚಪ್ಪಡಿ ಹವನಕ್ಕೆ ಸೇರಿದ ಭಕ್ತರೊಡನೆ ಕುಸಿದು 36 ಜನರು ಅಸುನೀಗಿದರು. ಅವರಾರಿಗೂ ತಾವು ಕುಳಿತುದು ನೆಲವಲ್ಲ, ಮಾಡು ಎಂಬುದು ತೋಚಿರಲಾರದು. ಎಷ್ಟು ಜನ ಹತ್ತಬಹುದೆಂಬುದನ್ನು ಇಂಜಿನಿಯರರಿಂದ ಬರೆಸಿಕೊಂಡು ಮೆಟ್ಟಿಲ ಬಾಗಿಲಲ್ಲಿ ಹಾಕಿರುವ ಟ್ರಸ್ಟುಗಳು ಎಷ್ಟಿವೆ?

ಶಿಖರಕ್ಕೆ, ಅಮೃತಶಿಲೆಯ ನೆಲಕ್ಕೆ, ಮಾನಸ್ತಂಭಕ್ಕೆ ದಾನಿಗಳು ತಾವಾಗಿ ಬರುತ್ತಾರೆ. ಮಳೆನೀರಿನ ಕೊಳವೆಗೆ ಯಾರೂ ಬರುವುದಿಲ್ಲ. ಅದರ ಮೇಲೆ ಹೆಸರು ಕೆತ್ತಿಸಲು ಜಾಗವಿಲ್ಲ. ಆದುದರಿಂದ ಟ್ರಸ್ಟಿನ ವಾರ್ಷಿಕ ಆಯವ್ಯಯದಲ್ಲಿ ಮಾಡಿಗೆಂದೇ ಒಂದು ಬಾಬು ಇರುವುದು ಲೇಸು. ಮಹಾವೀರ ಜಯಂತಿಯ ನಂತರದ ಒಂದು ದಿನ ಇಬ್ಬರು ಟ್ರಸ್ಟಿಗಳು ಸ್ವತಃ ಮೇಲೆ ಹತ್ತಿ ಬಿರುಕು, ತೂಬು, ಕೈಪಿಡಿ ಗೋಡೆಗಳನ್ನು ನೋಡಿ ಪುಸ್ತಕದಲ್ಲಿ ಬರೆಯಲಿ. ತೂಬಿನಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ ಮರಿಗಳು ಹಾರುವವರೆಗೆ ಕಾದು ಜಾಲರಿ ಹಾಕಿಸಲಿ. ಆಷಾಢ ಶುಕ್ಲ ಚತುರ್ದಶಿಗೆ ಮೊದಲು ದುರಸ್ತಿ ಮುಗಿಯಲಿ. ಸುಣ್ಣ ಬಳಿಯುವ ಕೂಲಿಯವರನ್ನು ಬೆಳಗಿನ ತಂಪಿನಲ್ಲಿ ಹತ್ತಿಸಿ ಹನ್ನೊಂದು ಗಂಟೆಗೆ ಇಳಿಸಬೇಕು, ಅವರು ಹತ್ತಿಳಿಯುವಾಗಲೆಲ್ಲ ಏಣಿಯ ಬುಡದಲ್ಲಿ ಒಬ್ಬನು ಹಿಡಿದು ನಿಂತಿರಬೇಕು, ಮತ್ತು ಆ ಒಬ್ಬನ ಕೂಲಿಯನ್ನೂ ಲೆಕ್ಕದಲ್ಲಿ ಸೇರಿಸಿರಬೇಕು.