ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಸಣ್ಣ ಮಕ್ಕಳನ್ನು ಆಟದಿಂದ ಹೊರಗಿಡುವ ರೂಢಿ ಇರಲಿಲ್ಲ. ಅಳುತ್ತ ಬಂದ ತಮ್ಮನನ್ನೋ ಪಕ್ಕದ ಮನೆಯ ಕೂಸನ್ನೋ ಸೇರಿಸಿಕೊಂಡು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅಂದರೆ ಮುಗಿಯಿತು. ಅದು ಓಡುತ್ತದೆ, ಬೀಳುತ್ತದೆ, ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಗಾಲ್ಫ್ ಆಡುವವರು ಇದೇ ತೊಡಕಿಗೆ ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಅಲ್ಲಿ ಬಾರದವನೂ ಲೆಕ್ಕಕ್ಕೆ ಇದ್ದಾನೆ. ಅವನಿಗೆ ಎಷ್ಟು ಬರುವುದಿಲ್ಲ ಎಂಬುದನ್ನು ದಶಮಾಂಶದವರೆಗೆ ಅಳೆದು, ಅಷ್ಟು ಹೊಡೆತಗಳನ್ನು ಅವನ ಮೊತ್ತದಿಂದ ಕಳೆದು, ನಂತರ ಬಲ್ಲವನ ಜೊತೆ ಹೋಲಿಸುತ್ತಾರೆ. ಆ ಅಳತೆಯ ಹೆಸರೇ ಹ್ಯಾಂಡಿಕ್ಯಾಪ್. ಟೆನಿಸ್‌ನಲ್ಲಿ ನಾನು ನನ್ನ ಬಾಸ್‌ನ ಜೊತೆ ಆಡಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗಾಲ್ಫ್‌ನಲ್ಲಿ ಕೊನೆಯ ಹೋಲ್‌ವರೆಗೂ ಇಬ್ಬರಿಗೂ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ.

ಶಬ್ದ ಮಾತ್ರ ಅನರ್ಥಕಾರಿ. ಪುಣೆಯ ಕ್ಲಬ್ಬೊಂದರಲ್ಲಿ ನಮ್ಮ ಕಂಪನಿಗೆ ಕಾರ್ಪೊರೇಟ್ ಸದಸ್ಯತ್ವವಿದೆ. ಅದರಲ್ಲಿ ಹೆಸರಿದ್ದ ಸಹೋದ್ಯೋಗಿ ಹೈದರಾಬಾದಿಗೆ ವರ್ಗವಾದಾಗ, ಕ್ಲೈಂಟುಗಳ ಜೊತೆ ಆಡಲು ಯಾರಾದರೂ ಬೇಕಲ್ಲ ಎಂದು ನನ್ನ ಹೆಸರು ಹಾಕಿದರು. ಕೆಲವು ತಿಂಗಳ ನಂತರ ಮನೆಗೆ ಫೋನ್ ಮಾಡಿದಾಗ, ನನಗೆ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟು ಸಿಕ್ಕಿತೆಂದು ಖುಷಿಯಲ್ಲಿ ಹೇಳಿದೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು, ‘ಯಾಕೋ ತಮ್ಮಾ, ಕಾಲಿಗೆ ಏನರ ಆಗೇದೇನು? ನನಗ್ಯಾಕ ಹೇಳಲಿಲ್ಲ?’ ಅಂದಳು. ಕಾಲು ಚೆನ್ನಾಗಿದೆ, ಕೈಗೇ ಬುದ್ಧಿ ಇಲ್ಲ ಎಂದು ತಿಳಿಸಿ ಹೇಳಲು ಕಾಲು ಗಂಟೆ ಬೇಕಾಯಿತು. ಅಂಗವೈಕಲ್ಯಕ್ಕೂ ಈ ಮಾತಿಗೂ ಮೂಲದಲ್ಲಿ ಸಂಬಂಧವಿಲ್ಲ. ಇಂಗ್ಲೆಂಡಿನ ಹಳೆಯದೊಂದು ಅದಲುಬದಲಿನ ಆಟದಲ್ಲಿ ಪಣದ ಹಣವನ್ನು ಟೋಪಿಯೊಳಗೆ ಕೈಯಿಟ್ಟು ಹಾಕುತ್ತಿದ್ದರು. ಟೋಪಿಯಲ್ಲಿ ಕೈ ಎಂಬುದೇ ಈ ಹೆಸರಾಯಿತು. ಅಲ್ಲಿಂದ ಕುದುರೆ ರೇಸಿಗೆ ಬಂತು, ಬಲವಾದ ಕುದುರೆಯ ಮೇಲೆ ಹೆಚ್ಚು ಭಾರ ಹೇರಿ ಸಮ ಮಾಡುವುದಕ್ಕೆ. ಗಾಲ್ಫಿಗೆ ಬಂದದ್ದು ಆಮೇಲೆ.

ಸಿಗುವ ಬಗೆ ಹೀಗೆ. ಮೊದಲು ಮಾನ್ಯತೆ ಪಡೆದ ಕ್ಲಬ್ಬೊಂದರ ಸದಸ್ಯರಾಗಿರಬೇಕು. ನಂತರ ಕನಿಷ್ಠ 54 ಹೋಲ್‌ಗಳ ಸ್ಕೋರು ಕೊಡಬೇಕು. ಹದಿನೆಂಟರ ಮೂರು ಸುತ್ತು ಆಡಬಹುದು, ಒಂಬತ್ತರ ಆರು ಸುತ್ತನ್ನೂ ಆಡಬಹುದು. ಪ್ರತಿ ಕಾರ್ಡಿನ ಮೇಲೆ ಇಬ್ಬರ ಸಹಿ ಬೇಕು, ಆಡಿದವನದು ಮತ್ತು ಅವನ ಹೊಡೆತ ಎಣಿಸಿದ ಮಾರ್ಕರನದು. ಒಬ್ಬನೇ ಹೋಗಿ ಆಡಿ ಬಂದು ‘ತೊಂಬತ್ತು ಹೊಡೆದೆ’ ಅಂದರೆ ಯಾರೂ ಕೇಳುವುದಿಲ್ಲ. ಎಂಟೆಕ್ ಓದುವಾಗ ಲ್ಯಾಬ್ ರೆಕಾರ್ಡಿಗೆ ಗೈಡ್ ಸಹಿ ಹಾಕಿಸಿಕೊಳ್ಳಲು ಕಾಯುತ್ತಿದ್ದದ್ದು ನನಗೆ ನೆನಪಾಯಿತು.

ಲೆಕ್ಕ ನನ್ನಂಥವನಿಗೆ ಹಬ್ಬ. ಒಂದು ಕೋರ್ಸಿನಲ್ಲಿ 104 ಹೊಡೆದೆ, ಇನ್ನೊಂದರಲ್ಲಿ 98 ಹೊಡೆದೆ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಯಾವುದು ಕಷ್ಟದ್ದು ಎಂದು ತಿಳಿಯಬೇಕಲ್ಲ. ಅದಕ್ಕೆ ಪ್ರತಿ ಕೋರ್ಸಿಗೆ ಎರಡು ಅಂಕಿ ಇವೆ. ಕೋರ್ಸ್ ರೇಟಿಂಗ್ ಎಂದರೆ ಒಳ್ಳೆಯ ಆಟಗಾರ ಅಲ್ಲಿ ಎಷ್ಟು ಹೊಡೆಯಬಹುದು ಎಂಬ ಅಂದಾಜು. ಸ್ಲೋಪ್ ರೇಟಿಂಗ್ ಎಂದರೆ ಸಾಧಾರಣ ಆಟಗಾರನಿಗೆ ಅದೇ ಕೋರ್ಸು ಇನ್ನೆಷ್ಟು ಹೆಚ್ಚು ಕಷ್ಟ ಎಂಬುದು. ಇದು 55ರಿಂದ 155ರವರೆಗೆ ಇರುತ್ತದೆ, 113ನ್ನು ನಡುಮಟ್ಟವೆಂದು ಹಿಡಿದಿದ್ದಾರೆ. ಈ ಸ್ಲೋಪಿನ ಹಿಂದೆ ಇರುವವನು ಡೀನ್ ಕ್ನುತ್. 1970ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಓದುತ್ತಿದ್ದಾಗ ಅವನ ತಲೆಗೆ ಇದು ಹೊಕ್ಕಿತು. ಹಡಗಿನವರಿಗೆ ಹುಲ್ಲಿನ ಮೇಲೆ ಏನು ಕೆಲಸ ಎಂದು ಕೇಳಬೇಡಿ. ಒಂದೇ ನೀರಿನ ಹೊಂಡ ಬಲ್ಲವನಿಗೆ ಹೊಂಡ, ಬಾರದವನಿಗೆ ಸಮುದ್ರ ಎಂಬುದನ್ನು ಅಂಕಿಯಲ್ಲಿ ಹಿಡಿದದ್ದು ಸಣ್ಣ ಮಾತಲ್ಲ.

ರೇಟಿಂಗ್ 70.8, ಸ್ಲೋಪ್ 125, ಪಾರ್ 72 ಇರುವ ಕೋರ್ಸಿನಲ್ಲಿ ನನ್ನ ಮೊದಲ ಮೂರು ಸ್ಕೋರು 104, 110, 107. ಸ್ಕೋರಿನಿಂದ ರೇಟಿಂಗ್ ಕಳೆದು, 113ರಿಂದ ಗುಣಿಸಿ, 125ರಿಂದ ಭಾಗಿಸಿದರೆ ಕ್ರಮವಾಗಿ 30.0, 35.4, 32.7 ಬರುತ್ತದೆ. ಮೂರೇ ಕಾರ್ಡು ಇದ್ದಾಗ ಅತಿ ಕಡಿಮೆಯದನ್ನು ತೆಗೆದುಕೊಂಡು ಇನ್ನೂ ಎರಡು ಕಳೆಯುತ್ತಾರೆ. ಹಾಗಾಗಿ ನನ್ನ ಇಂಡೆಕ್ಸ್ 28.0 ಆಯಿತು. ಗರಿಷ್ಠ 54.0ವರೆಗೆ ಕೊಡುತ್ತಾರೆ, ಆದ್ದರಿಂದ ನಾನು ಅಷ್ಟೇನೂ ಕಡೆಯವನಲ್ಲ. ಅದೇ ಕೋರ್ಸಿಗೆ ತಿರುಗಿ ಲೆಕ್ಕ ಹಾಕಿದರೆ 30 ಹೊಡೆತಗಳ ರಿಯಾಯಿತಿ ಸಿಗುತ್ತದೆ. ಪ್ರತಿ ಹೋಲ್‌ಗೆ ಒಂದು, ಅತಿ ಕಷ್ಟದ ಹನ್ನೆರಡು ಹೋಲ್‌ಗಳಿಗೆ ಇನ್ನೊಂದೊಂದು.

ಸಿಕ್ಕ ಮೇಲೆ ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಕಾರ್ಡುಗಳು ಇಪ್ಪತ್ತಾದ ಮೇಲೆ ಯಾವಾಗಲೂ ಕೊನೆಯ ಇಪ್ಪತ್ತರಲ್ಲಿ ಅತ್ಯುತ್ತಮ ಎಂಟರ ಸರಾಸರಿಯೇ ನಿಮ್ಮ ಅಂಕಿ. ಹೊಸದೊಂದು ಬಂದರೆ ಹಳೆಯದೊಂದು ಬೀಳುತ್ತದೆ. ಅಂದರೆ ನೀವು ಸಾಮಾನ್ಯವಾಗಿ ಹೇಗೆ ಆಡುತ್ತೀರಿ ಎಂಬುದನ್ನಲ್ಲ, ಚೆನ್ನಾಗಿ ಆಡಿದ ದಿನ ಹೇಗೆ ಆಡುತ್ತೀರಿ ಎಂಬುದನ್ನು ಅದು ನೆನಪಿಡುತ್ತದೆ. ನಮ್ಮ ಅಪ್ರೈಸಲ್ಲುಗಳಲ್ಲಿ ಇದರ ತಿರುವುಮುರುವು: ಇಪ್ಪತ್ತು ರಿಲೀಸಿನಲ್ಲಿ ಕೆಟ್ಟ ಎಂಟೇ ನೆನಪಿರುತ್ತವೆ. ಒಂದು ಹೋಲ್‌ನಲ್ಲಿ ಪೂರ್ತಿ ಕೈಕೊಟ್ಟು ಹದಿಮೂರು ಹೊಡೆದರೂ ಹದಿಮೂರನ್ನು ಹಿಡಿಯುವುದಿಲ್ಲ. ಪಾರ್‌ಗೆ ಎರಡು ಸೇರಿಸಿ, ಆ ಹೋಲ್‌ಗೆ ನಿಮಗಿರುವ ರಿಯಾಯಿತಿ ಸೇರಿಸಿ, ಅಲ್ಲಿಗೆ ನಿಲ್ಲಿಸುತ್ತಾರೆ. ಅಂಕಿ ಒಮ್ಮೆಲೇ ಏರದಂತೆಯೂ ತಡೆ ಇದೆ. ವರ್ಷದೊಳಗಿನ ನಿಮ್ಮ ಅತಿ ಕಡಿಮೆ ಇಂಡೆಕ್ಸಿಗಿಂತ ಮೂರು ಏರಿದ ಮೇಲೆ ಏರಿಕೆ ಅರ್ಧಕ್ಕಿಳಿಯುತ್ತದೆ, ಐದರ ಮೇಲೆ ಏರುವುದೇ ಇಲ್ಲ. ಇಳಿಯುವುದಕ್ಕೆ ಅಂಥ ತಡೆ ಇಲ್ಲ. ಅದ್ಭುತವಾಗಿ ಆಡಿದರೆ ಇನ್ನೂ ಒಂದೋ ಎರಡೋ ಹೆಚ್ಚೇ ಕಳೆಯುತ್ತಾರೆ. ಜಗತ್ತಿನಲ್ಲಿ ಮೊದಲು ಆರು ಬೇರೆ ಬೇರೆ ಪದ್ಧತಿಗಳಿದ್ದವು. 2020ರಿಂದ ಎಲ್ಲವನ್ನೂ ಒಂದು ಮಾಡಿದ್ದಾರೆ.

ಏರಿಕೆಗೆ ತಡೆ ಯಾಕೆ ಎಂದು ನಾನು ಮೊದಲು ಯೋಚಿಸಿರಲಿಲ್ಲ. ಉತ್ತರ ಹೇಳಿಕೊಟ್ಟವನು ನನ್ನ ಕ್ಯಾಡಿ.

ಅವನು ಅಕ್ಕಲಕೋಟೆ ತಾಲೂಕಿನವನು. ಶಾಲೆ ಮರಾಠಿ, ಮನೆಮಾತು ಕನ್ನಡ. ಮೊದಲ ದಿನ ನಾನು ಫೋನಿನಲ್ಲಿ ಹೆಂಡತಿಯ ಜೊತೆ ಮಾತಾಡಿದ್ದನ್ನು ಕೇಳಿಸಿಕೊಂಡು, ‘ನೀವು ನಮ್ಮ ಕಡೆಯವ್ರೇನ್ರಿ?’ ಅಂದ. ಅಂದಿನಿಂದ ಬ್ಯಾಗು ಅವನದೇ. ವಯಸ್ಸು ಇಪ್ಪತ್ತಾರು. ಎಂಟು ವರ್ಷದಿಂದ ಆ ಹುಲ್ಲಿನ ಮೇಲೆ ನಡೆದಿದ್ದಾನೆ. ಯಾವ ಸದಸ್ಯರು ಯಾವ ತಿಂಗಳಲ್ಲಿ ಹೇಗೆ ಆಡುತ್ತಾರೆಂಬುದು ಅವನಿಗೆ ಬಾಯಿಪಾಠ. ವಾರ್ಷಿಕ ಟೂರ್ನಮೆಂಟಿಗೆ ಎರಡು ತಿಂಗಳು ಮೊದಲು ಹಿರಿಯರೊಬ್ಬರು ಸಾಲಾಗಿ ಸಣ್ಣ ಸಣ್ಣ ಪಟ್ ತಪ್ಪಿಸುತ್ತಿದ್ದರು. ವಯಸ್ಸಾಯಿತು ಪಾಪ ಎಂದೆ. ಅವನು ನಕ್ಕ. ‘ಸರ್ರ, ಅವ್ರು ಮಾರ್ಚ್ ತನಕ ಚಲೋ ಆಡಂಗಿಲ್ರಿ. ಕಪ್ಪಿನ ದಿವ್ಸ ನೋಡ್ರಿ ಬೇಕಾದ್ರ.’ ಕಪ್ಪಿನ ದಿನ ನೋಡಿದೆ. ಹತ್ತಡಿ ದೂರದಿಂದ ಒಳಗೆ.

ನಮ್ಮ ಕೆಲಸದಲ್ಲಿ ಇದು ಹೊಸದಲ್ಲ. ಮೂರು ದಿನದ ಕೆಲಸಕ್ಕೆ ಎಂಟು ದಿನ ಎಂದು ಎಸ್ಟಿಮೇಟ್ ಕೊಟ್ಟು, ಐದರಲ್ಲಿ ಮುಗಿಸಿ ಚಪ್ಪಾಳೆ ಗಿಟ್ಟಿಸುವವರನ್ನು ನಾನು ಹದಿನೆಂಟು ವರ್ಷ ನೋಡಿದ್ದೇನೆ. ಇನ್ನೊಂದು ಜಾತಿಯವರೂ ಇದ್ದಾರೆ, ಎಂಟು ದಿನದ್ದನ್ನು ಮೂರು ಎನ್ನುವವರು. ಗಾಲ್ಫ್‌ನಲ್ಲಿ ಇವರು ಹೊಡೆತ ಕದ್ದು ಕಡಿಮೆ ಅಂಕಿ ಇಟ್ಟುಕೊಳ್ಳುತ್ತಾರೆ, ಬಾರ್‌ನಲ್ಲಿ ಹೇಳಿಕೊಳ್ಳುವುದಕ್ಕೆ. ಇವರಿಂದ ನಷ್ಟ ಇವರಿಗೇ, ಕಪ್ಪಿನ ದಿನ ಕಡಿಮೆ ರಿಯಾಯಿತಿಯಲ್ಲಿ ಒದ್ದಾಡುತ್ತಾರೆ. ಆದರೂ ಇಬ್ಬರ ಕಾರ್ಡಿನ ಮೇಲೂ ಮಾರ್ಕರನ ಸಹಿ ಇರುತ್ತದೆ ಎಂಬುದು ನನ್ನನ್ನು ಕಾಡುತ್ತಿತ್ತು.

ಒಂದು ಭಾನುವಾರ ನಾನೇ ಮಾರ್ಕರ್ ಆದೆ. ಜೊತೆಗಿದ್ದವರು ಕ್ಲಬ್ಬಿನ ಸಮಿತಿಯಲ್ಲಿದ್ದ ಸದಸ್ಯರು, ಎರಡನೆಯ ಜಾತಿಯವರು. ಏಳನೆಯ ಹೋಲ್‌ನಲ್ಲಿ ಮರಗಳ ಒಳಗೆ ಹೋಗಿ ಬಂದು ‘ಸಿಕ್ಸ್’ ಎಂದರು. ನನ್ನ ಹಿಂದೆ ಬ್ಯಾಗಿನ ಹತ್ತಿರ ನಿಂತಿದ್ದವನು ಕೆಮ್ಮಿದಂತೆ ಮಾಡಿ ಕನ್ನಡದಲ್ಲಿ ಮೆಲ್ಲಗೆ ಅಂದ: ‘ಎಂಟ್ ಹೊಡ್ದಾರ್ರಿ. ಗಿಡದಾಗ ಎರಡು.’ ನನಗೂ ಎಂಟೇ ಲೆಕ್ಕ ಸಿಕ್ಕಿತ್ತು. ಟೀಯಿಂದ ಶುರುಮಾಡಿ ಒಂದೊಂದಾಗಿ ಎಣಿಸೋಣವೇ ಎಂದು ಸಾವಧಾನವಾಗಿ ಕೇಳಿದೆ. ಎಣಿಸಿದೆವು. ಗಿಡದ ಹತ್ತಿರ ಬಂದಾಗ ಅವರ ಬೆರಳು ನಿಂತಿತು. ‘ಎಯ್ಟ್’ ಎಂದು ನಕ್ಕು, ಕಾರ್ಡಿನಲ್ಲಿ ಎಂಟು ಬರೆದೆ, ಸುತ್ತು ಮುಗಿದ ಮೇಲೆ ಸಹಿ ಹಾಕಿದೆ. ಅವರು ನನ್ನ ಕೈ ಕುಲುಕಿದರು. ಆಮೇಲೆ ನನ್ನ ಜೊತೆ ಆಡಲು ಕರೆಯಲಿಲ್ಲ.

ಇಷ್ಟೆಲ್ಲ ಲೆಕ್ಕ ಇಡುವ ಆ ಹುಡುಗನ ಲೆಕ್ಕ ಎಲ್ಲಿದೆ? ಸೋಮವಾರ ಕೋರ್ಸು ಸದಸ್ಯರಿಗೆ ಮುಚ್ಚಿರುತ್ತದೆ, ಅಂದು ಕ್ಯಾಡಿಗಳು ಆಡುತ್ತಾರೆ. ಯಾರೋ ಬಿಟ್ಟುಕೊಟ್ಟ ಹಳೆಯ ಐರನ್‌ಗಳು, ಗ್ರಿಪ್ ಹರಿದ ಪಟರ್, ಕೆರೆಯಿಂದ ತೆಗೆದ ಚೆಂಡು. ಅದರಲ್ಲೇ ಅವನು 74 ಹೊಡೆಯುತ್ತಾನೆ. ನನಗೆ ಕ್ಲಬ್ಬು ಮೂರೇ ಕಾರ್ಡಿಗೆ ಸರ್ಟಿಫಿಕೇಟು ಕೊಟ್ಟಿತು. ಅವನು ಎಂಟು ವರ್ಷ ಆಡಿದರೂ ಅಂಕಿ ಇಲ್ಲ, ಯಾಕೆಂದರೆ ಅಂಕಿ ಬೇಕಾದರೆ ಸದಸ್ಯನಾಗಿರಬೇಕು. ಹವ್ಯಾಸಿಗಳ ಟೂರ್ನಮೆಂಟೊಂದಕ್ಕೆ ಹೆಸರು ಕೊಡಲು ಫಾರ್ಮು ತಂದಿದ್ದ. ಎಲ್ಲ ತುಂಬಿ, ಹ್ಯಾಂಡಿಕ್ಯಾಪ್ ಇಂಡೆಕ್ಸ್ ಎಂಬ ಸಾಲಿನಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳಿದ. ಕ್ಯಾಡಿ ಕೆಲಸ ಮಾಡಿದರೆ ಹವ್ಯಾಸಿ ಎಂಬ ಸ್ಥಾನವೇನೂ ಹೋಗುವುದಿಲ್ಲ. ಹೋಗುವುದು ಆ ಒಂದು ಸಾಲಿನಲ್ಲಿ.

ಇದು ದೊಡ್ಡ ಆಸೆಯೂ ಅಲ್ಲ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ, ಅವರೂ ಕ್ಯಾಡಿಯಾಗಿದ್ದವರೇ, 2009ರಲ್ಲಿ ಅದೇ ಪ್ರಶಸ್ತಿ ಗೆದ್ದರು. ಕ್ಲಬ್ಬಿನ ಗೋಡೆಗಳ ಮೇಲೆ ಕಪ್ಪು ಹಿಡಿದ ಸದಸ್ಯರ ಫೋಟೋಗಳಿವೆ, ಪೂರ್ತಿ ರಿಯಾಯಿತಿ ಕಳೆದ ಮೇಲಿನ ಸ್ಕೋರುಗಳ ಸಮೇತ. ಬ್ಯಾಗು ಹೊತ್ತವನು ಫ್ರೇಮಿನ ಅಂಚಿನಲ್ಲಿ ಅರ್ಧ ಕಾಣುತ್ತಾನೆ. ನಮ್ಮ ಓಣಿಯ ಕೂಸಾದರೂ ಬಲವಿಲ್ಲದ್ದಕ್ಕೆ ಲೆಕ್ಕಕ್ಕಿರಲಿಲ್ಲ.

ಸಮಿತಿಗೆ ಒಂದು ಅರ್ಜಿ ಬರೆದೆ. ಕ್ಯಾಡಿಗಳಿಗೆ ಹ್ಯಾಂಡಿಕ್ಯಾಪಿಗಷ್ಟೇ ಸೀಮಿತವಾದ ಸದಸ್ಯತ್ವ, ಆಡುವುದು ಸೋಮವಾರವೇ, ವರ್ಷದ ಶುಲ್ಕ ನಮ್ಮಂಥ ಕೆಲವರು ಕೊಡುತ್ತೇವೆ. ಪ್ರಾಜೆಕ್ಟ್ ಪ್ರಪೋಸಲ್ ಬರೆದ ಕೈ, ರಿಸ್ಕು, ಖರ್ಚು, ಯಾರ ಹೊಣೆ ಎಲ್ಲ ಎರಡು ಪುಟದಲ್ಲಿ ಬಂತು. ಹತ್ತು ಸದಸ್ಯರ ಸಹಿ ಕೇಳಿದೆ. ಆರು ಸಿಕ್ಕವು. ಮೊದಲು ಸಹಿ ಹಾಕಿದವರು, ಆಶ್ಚರ್ಯವೆಂದರೆ, ಮಾರ್ಚ್ ತನಕ ಚೆನ್ನಾಗಿ ಆಡದ ಆ ಹಿರಿಯರು. ‘ನಿಜ ಹೇಳಿದರೆ ಅವನು ನನಗಿಂತ ಇಪ್ಪತ್ತು ಹೊಡೆತ ಮುಂದೆ ಇದ್ದಾನೆ’ ಅಂದರು. ಎಂಟು ಹೊಡೆದ ಸದಸ್ಯರು ಅರ್ಜಿ ಓದಿ, ಇಂಥದಕ್ಕೆಲ್ಲ ದಾರಿ ಮಾಡಿಕೊಟ್ಟರೆ ನಾಳೆ ಬ್ಯಾಗು ಹೊರುವವರು ಯಾರು ಎಂದರು. ವಿಷಯ ಮುಂದಿನ ಸಭೆಗೆ ಹೋಗಿದೆ. ಕಂಪನಿಯಲ್ಲೂ ಒಬ್ಬರು, ಕ್ಲೈಂಟ್ ಸಂಬಂಧಕ್ಕೆ ಕೊಟ್ಟ ಸದಸ್ಯತ್ವದಲ್ಲಿ ಇದೆಲ್ಲ ಯಾಕೆ ಎಂದು ಕಾಫಿ ಮಷಿನ್ ಹತ್ತಿರ ಕೇಳಿದರು. ಮುಂದಿನ ವರ್ಷ ಆ ಹೆಸರು ಬದಲಾಗಬಹುದು.

ಅಲ್ಲಿಯವರೆಗೆ ಲೆಕ್ಕ ನಿಲ್ಲಿಸುವುದು ಬೇಡವೆಂದು ಕಾರ್ಡು ಶುರುಮಾಡಿದ್ದೇವೆ. ತಿಂಗಳಿಗೊಂದು ಸೋಮವಾರ ಆಫೀಸಿಗೆ ಮೊದಲು ನಾನೇ ಮಾರ್ಕರ್ ಆಗಿ ಅವನ ಹಿಂದೆ ನಡೆಯುತ್ತೇನೆ, ಉಳಿದ ಸೋಮವಾರ ಇನ್ನೊಬ್ಬ ಕ್ಯಾಡಿ. ಎರಡು ಸಹಿ, ತಾರೀಖು, ಹೋಲ್ ಹೋಲ್‌ಗೂ ಅಂಕಿ. ನನ್ನ ಎಕ್ಸೆಲ್ ಹಾಳೆಯಲ್ಲಿ ಇಪ್ಪತ್ತು ತುಂಬಿದಾಗ ಅತ್ಯುತ್ತಮ ಎಂಟು ಹೀಗಿದ್ದವು: ಒಂದು 73, ನಾಲ್ಕು 74, ಮೂರು 75. ಇಂಡೆಕ್ಸ್ 3.1. ಅದಕ್ಕೆ ಯಾವ ಮುದ್ರೆಯೂ ಇಲ್ಲ, ಯಾವ ಫಾರ್ಮಿನಲ್ಲೂ ಬರೆಯುವಂತಿಲ್ಲ.

ಕಳೆದ ಸೋಮವಾರ ಇಪ್ಪತ್ತೊಂದನೆಯ ಕಾರ್ಡು ಬಂತು, 76. ಅದರ ಜಾಗಕ್ಕೆ ಬಿದ್ದುಹೋದ ಹಳೆಯ ಕಾರ್ಡು ಒಂದು 74. ಇಂಡೆಕ್ಸ್ 3.4ಕ್ಕೆ ಏರಿತು ಎಂದು ಹೇಳಿದೆ.

‘ಅಂದ್ರ ಕೆಟ್ಟಾತೇನ್ರಿ?’

‘ಸ್ವಲ್ಪ.’

‘ಹದಿನಾರನೇ ಹೋಲಿನ್ಯಾಗ ಗಾಳಿ ಬಂತ್ರಿ. ಬರೂ ಸೋಮವಾರ ನೋಡೂಣ್ರಿ’ ಅಂದು, ಮರುದಿನ ಬೆಳಿಗ್ಗೆ ಬರುವ ಸಾಹೇಬರೊಬ್ಬರ ಷೂ ಒರೆಸಿಡಲು ಹೋದ.