ಉಣುಗೋಲಿನ ಆಚೆ

ಮಲೆನಾಡಿನ ಎಷ್ಟೋ ತೋಟಗಳ ದಾರಿಗೆ ಇವತ್ತಿಗೂ ಉಣುಗೋಲೇ ಬಾಗಿಲು. ಎರಡು ಕಂಬಕ್ಕೆ ತೂತು ಕೊರೆದು ಅಡ್ಡಕ್ಕೆ ಮೂರು ಬಿದಿರಿನ ಗಳ ತೂರಿಸಿದರೆ ಮುಗಿಯಿತು. ದನ ಒಳಗೆ ಬರುವುದಿಲ್ಲ, ಮನುಷ್ಯ ಸರಿಸಿಕೊಂಡು ದಾಟುತ್ತಾನೆ. ಸಕಲೇಶಪುರದ ಕಡೆ ನಾನು ಸೈಕಲ್ ಓಡಿಸುವ ಇಳಿಜಾರು ಶುರುವಾಗುವುದು ಇಂಥದೇ ಒಂದು ಉಣುಗೋಲಿನಿಂದ.

ಸಿಲ್ವರ್ ಓಕ್‌ನ ತರಗೆಲೆ ಟಯರಿನ ಅಡಿಯಲ್ಲಿ ಚರಪರ ಅನ್ನುತ್ತದೆ. ದಾರಿ ಒಂದಾಳು ನಡೆಯುವಷ್ಟೇ ಅಗಲ. ಹಲಸಿನ ಮರದ ತಿರುವಿನಲ್ಲಿ ಬೇರು ಎದ್ದಿದೆ. ಅಲ್ಲಿ ಸೀಟಿನಿಂದ ಎದ್ದು ಮೈಭಾರ ಹಿಂದಕ್ಕೆ ಹಾಕಬೇಕು, ಮೊಣಕೈ ಸಡಿಲ ಬಿಡಬೇಕು, ಬ್ರೇಕಿನ ಮೇಲೆ ಒಂದೇ ಬೆರಳು. ಮುಂದಿನ ಚಕ್ರ ಬೇರನ್ನು ಹತ್ತಿ ಇಳಿದಾಗ ಅಂಗೈಯಿಂದ ಭುಜದವರೆಗೆ ಒಂದು ಸಣ್ಣ ನಡುಕ ಹರಿಯುತ್ತದೆ. ಆ ಕ್ಷಣಕ್ಕಾಗಿ ನಾನು ವಾರವಿಡೀ ಕಾಯುತ್ತೇನೆ. ಡಾಂಬರು ರಸ್ತೆಯ ಮೇಲೆ ಎಷ್ಟು ದೂರ ತುಳಿದರೂ ಅದು ಸಿಗುವುದಿಲ್ಲ.

ಈ ದಾರಿ ಒಂದು ವರ್ಷ ನನಗೆ ಮುಚ್ಚಿಹೋಗಿತ್ತು. ತಪ್ಪು ನಮ್ಮದೇ. ಒಂದು ಸಂಜೆ ನಾವು ನಾಲ್ವರಿದ್ದೆವು. ಕತ್ತಲಾಗುತ್ತಿತ್ತು. ಹೊರಡುವ ಅವಸರದಲ್ಲಿ ಮೇಲಿನ ಗಳ ಒಂದನ್ನೇ ಹಾಕಿ ಬಂದೆವು. ರಾತ್ರಿ ಎರಡು ಕರುಗಳು ಅದರ ಅಡಿಯಲ್ಲಿ ನುಸುಳಿ, ಹಿಂದಿನ ಮಳೆಗಾಲದಲ್ಲಿ ನೆಟ್ಟ ಕಾಫಿ ಸಸಿಗಳನ್ನು ತುಳಿದುಹಾಕಿದವು. ಮುಂದಿನ ವಾರ ಹೋದಾಗ ತೋಟದ ಗೌಡರು ಬೈಯಲಿಲ್ಲ. ಕರೆದುಕೊಂಡು ಹೋಗಿ ಮುರಿದ ಗಿಡಗಳನ್ನು ತೋರಿಸಿದರು. “ನಿಮ್ಮ ಹತ್ರ ಒಂದು ರೂಪಾಯಿ ಕೇಳಿದ್ನಾ ಮಾರಾಯ್ರೆ? ಉಣುಗೋಲು ಹಾಕಿ ಹೋಗಿ ಅಂದಿದ್ದು ಅಷ್ಟೇ ಅಲ್ವಾ?” ಅಂದರು. “ತಪ್ಪಾಯ್ತು ಗೌಡ್ರೇ” ಅಂದೆ. ಅದಕ್ಕಿಂತ ಹೆಚ್ಚು ಹೇಳಲು ಏನೂ ಇರಲಿಲ್ಲ.

ಬೇರೆಯವರ ನೆಲದಲ್ಲಿ ಸೈಕಲ್ ಓಡಿಸುವುದಕ್ಕೆ ಒಂದೊಂದು ಕಡೆ ಒಂದೊಂದು ರೀತಿ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಖಾಸಗಿ ನೆಲದ ಮೇಲೂ ಸೈಕಲ್ಲಿನವರಿಗೆ ಹಾದುಹೋಗುವ ಹಕ್ಕು ಕೊಟ್ಟಿದೆ, ಜವಾಬ್ದಾರಿಯಿಂದ ನಡೆದುಕೊಳ್ಳುವವರೆಗೆ ಮಾತ್ರ. ಅಮೆರಿಕದ ವರ್ಮಾಂಟ್‌ನಲ್ಲಿರುವ ಕಿಂಗ್‌ಡಮ್ ಟ್ರೇಲ್ಸ್ ಎಂಬ ಸೈಕಲ್ ದಾರಿಗಳ ಜಾಲ ನಿಂತಿರುವುದು ಹತ್ತಾರು ಜಮೀನುದಾರರ ಒಪ್ಪಿಗೆಯ ಮೇಲೆ. 2019ರ ಕೊನೆಯಲ್ಲಿ ಅವರಲ್ಲಿ ಮೂವರು ಸೈಕಲ್ಲಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡಾಗ, ಜನ ತುಂಬ ಮೆಚ್ಚಿದ್ದ ದಾರಿಗಳೇ ಕೈತಪ್ಪಿದವು. ನಮ್ಮಲ್ಲಿ ಸ್ಕಾಟ್ಲೆಂಡಿನಂಥ ಕಾನೂನಿಲ್ಲ. ಇರುವುದು ಗೌಡರ ಒಂದು ಮಾತು. ಅದನ್ನು ನಾನು ಕಾನೂನಿಗಿಂತ ದೊಡ್ಡದೆಂದು ತಿಳಿದಿದ್ದೇನೆ.

ವರ್ಷ ಕಳೆದು ಗೌಡರು ಮತ್ತೆ ಒಳಗೆ ಬಿಟ್ಟುಕೊಂಡ ಮೇಲೆ ತೋಟವನ್ನು ಅವರ ಕಣ್ಣಿನಿಂದ ನೋಡುವುದು ಕಲಿತೆ. ಜೂನ್‌ನಿಂದ ಮಳೆ ಹೊಳವಾಗುವವರೆಗೆ ಸೈಕಲ್ ಹೊರಗೆ ತೆಗೆಯುವುದಿಲ್ಲ. ಹಸಿ ಮಣ್ಣಿನಲ್ಲಿ ಟಯರು ಎಳೆದ ಗೆರೆಯಲ್ಲಿ ನೀರು ಹರಿದು ಕೊರಕಲಾಗುತ್ತದೆ, ತೋಟದ ಮೇಲ್ಮಣ್ಣು ಹಳ್ಳದ ಪಾಲಾಗುತ್ತದೆ. ಕಾಫಿಯ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಇರುವುದು ಆ ಮೇಲ್ಮಣ್ಣಿನಲ್ಲೇ. ಸಾಲುಗಳ ನಡುವೆ ಮಳೆನೀರು ಹಿಡಿಯಲು ತೋಡಿದ ತೊಟ್ಟಿಲು ಗುಂಡಿಗಳ ಅಂಚು ಸವೆಯದಂತೆ ಸುತ್ತಿಕೊಂಡು ಹೋಗುತ್ತೇನೆ. ಕುಯ್ಲಿನ ದಿನಗಳಲ್ಲಿ ಹೆಂಗಸರು ತಲೆಯ ಮೇಲೆ ಹಣ್ಣಿನ ಮೂಟೆ ಹೊತ್ತು ಇದೇ ದಾರಿಯಲ್ಲಿ ಬರುತ್ತಾರೆ. ದೂರದಲ್ಲೇ ಇಳಿದು, ಇಳಿಜಾರಿನ ಕೆಳಬದಿಗೆ ಸರಿದು ನಿಲ್ಲುತ್ತೇನೆ. ಅವರದು ಹೊಟ್ಟೆಪಾಡು, ನನ್ನದು ಭಾನುವಾರದ ಖುಷಿ.

ಇನ್ನು ಕಾಫಿ ಹೂವಿನ ಕಾಲ. ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತದೆ. ಮಲ್ಲಿಗೆಗೆ ಹತ್ತಿರದ ಆ ಪರಿಮಳದಲ್ಲಿ ಇಳಿಜಾರು ಓಡಿಸುವ ಆಸೆ ಯಾರಿಗಿಲ್ಲ? ಆದರೂ ಆಗ ಉಣುಗೋಲಿನ ಹತ್ತಿರ ಸೈಕಲ್ ಒರಗಿಸಿ, ಕಾಲ್ನಡಿಗೆಯಲ್ಲಿ ಒಳಗೆ ಹೋಗುತ್ತೇನೆ. ಹ್ಯಾಂಡಲ್ ತಗುಲಿ ಗಿಡದ ಒಂದು ರೆಂಬೆ ಮುರಿದರೂ ಅಷ್ಟು ಫಸಲು ಹೋದಂತೆ.

ಮಲೆನಾಡಿಗೆ ಸೈಕಲ್ ತರುವವರಿದ್ದರೆ, ಮೊದಲು ತೋಟದ ಮನೆಯ ಅಂಗಳಕ್ಕೆ ಹೋಗಿ ಕೇಳಿ. ಬೇಡ ಅಂದರೆ ನಮಸ್ಕಾರ ಹೇಳಿ ವಾಪಸು ಬನ್ನಿ. ಹೂಂ ಅಂದರೆ, ದಾಟಿದ ಮೇಲೆ ಮೂರೂ ಗಳ ಹಾಕಿ. ಕೆಳಗಿನದನ್ನು ಮರೆಯಬೇಡಿ, ಕರು ನುಸುಳುವುದು ಅಲ್ಲೇ.