ಅಪ್ಪನ ತಮಟೆ, ಕರ್ಣನ ಪಾರ್ಟು

ನಮ್ಮೂರಲ್ಲಿ ಮಾರಿಹಬ್ಬ ಅಂದರೆ ಮೂರು ದಿನ. ಮೊದಲ ದಿನ ಹಬ್ಬ ಸಾರುವುದು, ಎರಡನೆಯ ದಿನ ಮೆರವಣಿಗೆ, ಮೂರನೆಯ ದಿನ ರಾತ್ರಿ ನಾಟಕ. ಈ ಮೂರರಲ್ಲೂ ನಮಗೆ ಕೆಲಸವಿತ್ತು, ಯಾವುದರಲ್ಲೂ ಜಾಗವಿರಲಿಲ್ಲ. ತಮಟೆ ಬಡಿಯುತ್ತ ಬೀದಿ ಬೀದಿ ಸಾರುವವರು ನಾವು. ದೇವರ ಮುಂದೆ ಬಡಿಯುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುವವರು ನಾವು. ದೇವರು ಗುಡಿ ಒಳಕ್ಕೆ ಹೋದ ಮೇಲೆ ಹೊರಗೆ ನಿಲ್ಲುವವರೂ ನಾವೇ. ನಾಟಕದ ಚಪ್ಪರಕ್ಕೆ ಗುಳಿ ತೋಡಿ, ಗಳ ನೆಟ್ಟು, ಸೋಗೆ ಹೊದಿಸಿ, ಕತ್ತಲಾದ ಮೇಲೆ ಜಾಲಿಮರದ ಬುಡಕ್ಕೆ ಸರಿದು ನಿಂತು ನೋಡುವವರು ನಾವು.

ಇಲ್ಲಿ ನಾವು ಅಂದರೆ ಕೇರಿಯ ಹುಡುಗರು. ಮನೆಗೆ ಮೊದಲ ಸಲ ಡಿಗ್ರಿಯ ಕಾಗದ ತಂದವರು. ಬರೆಯುತ್ತಿರುವ ಕೈ ಒಂದೇ ಇರಬಹುದು. ಆದರೆ ಉಂಡ ಅವಮಾನ ಒಬ್ಬನದಲ್ಲ, ಅದಕ್ಕೇ ನಾವು ಅಂತಲೇ ಬರೆಯುತ್ತೇವೆ.

ಹಳೇ ಮೈಸೂರು ಕಡೆ ಹಳ್ಳಿ ನಾಟಕ ಅಂದರೆ ಬಹುಪಾಲು ಕುರುಕ್ಷೇತ್ರ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ನಾಟಕ ಅದು. ಕಂಪನಿಗಳ ಕಾಲ ಹೋಯಿತು, ನಾಟಕ ಹಳ್ಳಿಗಳಲ್ಲಿ ಉಳಿಯಿತು. ಹಾರ್ಮೋನಿಯಂ ಮೇಷ್ಟ್ರು ಬಂದು ಎರಡು ಮೂರು ತಿಂಗಳು ಮಾತು, ಮಟ್ಟು ಕಲಿಸುತ್ತಾರೆ. ಪಾರ್ಟಿಗೆ ಇಂತಿಷ್ಟು ಅಂತ ಆಡುವವನೇ ದುಡ್ಡು ಕಟ್ಟಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು, ಸಣ್ಣಪುಟ್ಟ ಪಾರ್ಟಿಗೆ ಕಮ್ಮಿ. ಸೀನರಿ, ಡ್ರೆಸ್ಸು ಪೇಟೆಯಿಂದ ಬಾಡಿಗೆಗೆ ಬರುತ್ತವೆ. ದ್ರೌಪದಿ, ಕುಂತಿಯ ಪಾರ್ಟಿಗೆ ಪೇಟೆಯ ಕಲಾವಿದೆಯರು ಬರುತ್ತಾರೆ. ರಾತ್ರಿ ಹತ್ತಕ್ಕೆ ಪರದೆ ಎದ್ದರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಹೆಂಗಸರು ಚಾಪೆ, ಕಂಬಳಿ, ನಿದ್ದೆಗಣ್ಣಿನ ಮಕ್ಕಳು, ಪುರಿ ಕಡಲೆ ಎಲ್ಲ ಹೊತ್ತು ತಂದು ಕೂರುತ್ತಾರೆ. ಈ ರಾತ್ರಿಯನ್ನು ನಾವು ಹಗುರಾಗಿ ಕಾಣುವುದಿಲ್ಲ. ವರ್ಷವೆಲ್ಲ ಮಣ್ಣು ಮೆದ್ದ ಒಕ್ಕಲು ಮಗ ಒಂದು ರಾತ್ರಿ ಅರಸನಾಗುವುದು ಸಣ್ಣ ಮಾತಲ್ಲ. ಆದರೆ ಆ ಒಂದು ರಾತ್ರಿಯ ಅರಸುತನವೂ ಕೇರಿಗೆ ಸಿಗಲಿಲ್ಲವಲ್ಲ!

ನಮ್ಮಪ್ಪನಿಗೆ ಓದು ಬರುವುದಿಲ್ಲ. ಆದರೆ ಕರ್ಣನ ಪಾರ್ಟು ಮೊದಲಿಂದ ಕೊನೆತನಕ ಬರುತ್ತದೆ. ಪ್ರಾಕ್ಟೀಸಿನ ಮನೆಯ ಗೋಡೆಯಾಚೆ ಕೂತು, ಕೇಳಿ ಕೇಳಿ ಕಲಿತದ್ದು. ನಾವಿನ್ನೂ ಹುಟ್ಟುವ ಮುಂಚೆ ಒಂದು ವರ್ಷ ಧೈರ್ಯ ಮಾಡಿ ಪಾರ್ಟು ಕೇಳಿದನಂತೆ. ಕೇಳಿದ್ದು ಕೃಷ್ಣನನ್ನಲ್ಲ, ಧರ್ಮರಾಯನನ್ನಲ್ಲ. ಸೂತಪುತ್ರ ಅನ್ನಿಸಿಕೊಂಡ ಕರ್ಣನನ್ನು.

"ಪಾರ್ಟು ಕೊಡಕೇನ್ಲಾ? ಕುಂತಿ ಬಂದು ಮಗನೇ ಅಂತ ನಿನ್ನ ತಬ್ಕಬೇಕಲ್ಲ!" ಅಂದರಂತೆ ಊರಿನ ಯಜಮಾನರು. ಜಗುಲಿಯೆಲ್ಲ ನಕ್ಕಿತಂತೆ. ಅಪ್ಪನೂ ನಕ್ಕು ಎದ್ದು ಬಂದನಂತೆ.

ಕುಲ ಯಾವುದು ಎಂದು ಕೇಳಿಸಿಕೊಂಡು ತಲೆ ತಗ್ಗಿಸಿದ ಕರ್ಣನಿಗಾಗಿ ಊರು ರಾತ್ರಿಯೆಲ್ಲ ಅಳುತ್ತಿತ್ತು. ಜಾಲಿಮರದ ಕೆಳಗೆ ನಿಂತವನನ್ನು ಮಾತ್ರ ತಿರುಗಿ ನೋಡುತ್ತಿರಲಿಲ್ಲ.

ನಾವು ಓದಲು ಹೋದೆವು. ಹಾಸ್ಟೆಲ್ಲಿನ ತಗಡಿನ ಪೆಟ್ಟಿಗೆಗಳಲ್ಲಿ ಕೈಯಿಂದ ಕೈಗೆ ಸವೆದ ಪುಸ್ತಕಗಳು ಸಿಕ್ಕವು. 1973ರ ಬೂಸಾ ಗಲಾಟೆ, 1975ರ 'ಹೊಲೆಮಾದಿಗರ ಹಾಡು', 1979ರ ಬಂಡಾಯ ಸಂಘಟನೆ, ಎಲ್ಲ ನಾವು ಹುಟ್ಟುವ ಮುಂಚಿನವು. ಆದರೂ ನೆನ್ನೆ ನಮ್ಮ ಕೇರಿಯಲ್ಲೇ ನಡೆದಂತಿದ್ದವು. ಸತ್ತ ದನ ಹೊರಬೇಡಿ, ಚಾಕರಿಯ ತಮಟೆ ಬಡಿಯಬೇಡಿ ಎಂದು ಚಳವಳಿ ಹೇಳಿತ್ತು. ಅದೇ ಚಳವಳಿ ತಮಟೆ ಹಿಡಿದು ಬೀದಿಯಲ್ಲಿ ಹಾಡಿಯೂ ಇತ್ತು. ಬಿಡು ಅಂದದ್ದೂ ಹಿಡಿ ಅಂದದ್ದೂ ಒಂದೇ ಬಾಯಿ. ಇದು ಹೆಂಗೆ ಅಂತ ನಮಗೆ ಆಗ ಗೊತ್ತಾಗಲಿಲ್ಲ. ಬಿಡು ಅಂದದ್ದು ಮಾತ್ರ ಕಿವಿಗೆ ಬಿತ್ತು. ಯಾಕೆಂದರೆ ನಮ್ಮೊಳಗೆ ನಾಚಿಕೆ ಇತ್ತು.

ಆ ನಾಚಿಕೆಯ ಕಥೆ ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಎರಡನೇ ವರ್ಷದಲ್ಲಿ ಕಾಲೇಜಿನವರು ರಾಜ್ಯೋತ್ಸವದ ಮೆರವಣಿಗೆಗೆ ತಮಟೆಯವರನ್ನು ಕರೆಸಿದರು. ಬಂದದ್ದು ನಮ್ಮ ಕೇರಿಯ ಮೇಳವೇ. ಮುಂದೆ ಅಪ್ಪ. ನಾವು ಮೂವರು ಗೇಟಿನ ಬಳಿ ನಿಂತಿದ್ದೆವು. ಅಪ್ಪ ನಮ್ಮನ್ನು ಕಂಡು ಕೋಲೆತ್ತಿ ನಕ್ಕ. ಪಕ್ಕದ ಗೆಳೆಯ "ಯಾರೋ ಅದು, ನಿಮಗೆ ಗೊತ್ತಾ?" ಅಂದ. "ನಮ್ಮೂರೋರು" ಅಂದೆವು. ಅಷ್ಟೇ ಅಂದೆವು. ಭಾಷಣ ಮಾಡಿದವರು ಜಾನಪದ ನಮ್ಮ ಬೇರು ಅಂದರು. ಬೇರಿಗೆ ವೇದಿಕೆಯ ಹಿಂದೆ ಅನ್ನದ ಪೊಟ್ಟಣ ಕೊಟ್ಟು ಕಳಿಸಿದರು.

ಮುಂದಿನ ವಾರ ಊರಿಗೆ ಹೋದಾಗ ಅಪ್ಪ ಏನೂ ಕೇಳಲಿಲ್ಲ. "ನಿಮ್ ಕಾಲೇಜ್ ರೋಡು ಚೆಂದಾಗದೆ ಕನ ಮಗ, ಕಾಲು ಸುಡ್ನಿಲ್ಲ" ಅಂದ. ಆವತ್ತು ನಮಗೆ ಅನ್ನ ಇಳಿಯಲಿಲ್ಲ.

ಡಿಗ್ರಿ ಮುಗಿಸಿ ಬಂದ ವರ್ಷ ಕೇರಿಯಲ್ಲಿ ಸಭೆ ಕರೆದೆವು. ಇನ್ನು ಊರ ಹಬ್ಬಕ್ಕೆ ತಮಟೆ ಇಲ್ಲ ಅಂದೆವು. ಅಪ್ಪ ಎದ್ದು ನಿಂತ.

"ಬುಡನ ಕನ್ಲಾ. ಅದ್ನ ಬುಟ್ರೆ ನನ್ತಾವ ಇನ್ನೇನದೆ? ಹೊಲ ಅದಾ? ನಿಮ್ಮಂಗೆ ಕಾಗ್ದ ಅದಾ? ಬಡಿಯೋ ಕೈ ತಪ್ಪು ಮಾಡ್ನಿಲ್ಲ. ಕರ್ಯೋ ಬಾಯಿ ತಪ್ಪು ಮಾಡ್ತು."

ನಮ್ಮ ಓದಿಗೆ ಹೊಳೆಯದ ಮಾತು ಅದು. ತಮಟೆ ಅಂದರೆ ಏನು? ಬಳೆಗೆ ಎಳೆದು ಬಿಗಿದ ಚರ್ಮ. ತೇವ ಕುಡಿದರೆ ಮಂಕಾಗುತ್ತದೆ, ಒಣಹುಲ್ಲಿನ ಉರಿಗೆ ಹಿಡಿದರೆ ಖಣ್ ಅನ್ನುತ್ತದೆ. ಒಂದು ಕೈಗೆ ದಪ್ಪ ಕೋಲು, ಇನ್ನೊಂದಕ್ಕೆ ತೆಳ್ಳನೆ ಉದ್ದನೆ ಕಡ್ಡಿ. ಹೆಣದ ಹೊಡೆತ ಬೇರೆ, ಮದುವೆಯ ಹೊಡೆತ ಬೇರೆ, ದೇವರ ಹೊಡೆತ ಬೇರೆ. ಹೊಲದಲ್ಲಿ ಬಗ್ಗಿದವರು ಸದ್ದು ಕೇಳಿಯೇ ಊರಲ್ಲಿ ಸಾವೋ ಮದುವೆಯೋ ಹೇಳುತ್ತಿದ್ದರು. ಇಷ್ಟನ್ನೂ ಯಾರೂ ವಿದ್ಯೆ ಅನ್ನಲಿಲ್ಲ, ಚಾಕರಿ ಅಂದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದೆವು. "ದಿಲ್ಲೀಲಿ ಕುರ್ಚಿ ಕೊಟ್ರಾ?" ಅಂತ ಕೇಳಿದ. ನಮಗೆ ನಗು ಬಂತು, ಆಮೇಲೆ ನಗು ನಿಂತಿತು. ಊರು ಇಷ್ಟು ವರ್ಷದಲ್ಲಿ ಅಪ್ಪನಿಗೆ ಒಂದು ಕುರ್ಚಿ ಹಾಕಿರಲಿಲ್ಲ.

ಕೊನೆಗೆ ಸಭೆ ನಾಲ್ಕು ಮಾತಿಗೆ ಒಪ್ಪಿತು. ಒಂದು, ಕೂಲಿ ಮೊದಲೇ ಗೊತ್ತಾಗಬೇಕು, ಮೊರದ ಭತ್ತ ಬೇಡ. ಎರಡು, ಲೋ ಬಾರೋ ಅಂತ ಕರೆಯಕೂಡದು. ಮೂರು, ನಾಟಕದ ಬಯಲಲ್ಲಿ ಎಲ್ಲರ ಜೊತೆ ಕೂರುತ್ತೇವೆ. ನಾಲ್ಕು, ಪಾರ್ಟು ಕಲಿತವನಿಗೆ ಪಾರ್ಟು. ಊರು ಮೊದಲನೆಯದಕ್ಕೆ ಒಪ್ಪಿತು, ಎರಡನೆಯದಕ್ಕೆ ಗೊಣಗಿತು, ಮೂರು ನಾಲ್ಕಕ್ಕೆ ಎದ್ದು ಹೋಯಿತು. ಹಬ್ಬಕ್ಕೆ ಪೇಟೆಯಿಂದ ಡಿಜೆ ಬಂತು. ಹದಿನೈದು ದಿನ ನಮ್ಮ ಅವ್ವಂದಿರನ್ನು ಯಾರೂ ಕಳೆಗೆ ಕರೆಯಲಿಲ್ಲ.

ಹಳ್ಳಿಯ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತೀರಿ, ಅದಕ್ಕೆ ಇದನ್ನು ಬಿಡಿಸಿ ಬರೆಯುತ್ತೇವೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದೂ, ಹಾಕುತ್ತೇವೆ ಎಂದು ಹೆದರಿಸುವುದೂ ಅಪರಾಧ. ಇದನ್ನು ಅರಳಿಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿದೆವು. ಕೂಲಿಗೆ ಕರೆ ಮತ್ತೆ ಬಂತು. ಕುರ್ಚಿ ಬರಲಿಲ್ಲ.

ಆಗ ಏಪ್ರಿಲ್ 14ಕ್ಕೆ ಕೇರಿಯಲ್ಲೇ ನಾಟಕ ಆಡುವುದೆಂದಾಯಿತು. ನಾವು ಮಹಾಡಿನ ಕೆರೆಯ ಮೇಲೆ ಬರೆದೆವು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಡನೆ ಹೋಗಿ ಚವದಾರ್ ಕೆರೆಯ ನೀರು ಕುಡಿದದ್ದು, ಊರವರು ಬಡಿದದ್ದು, ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದ್ದು, ಬೊಂಬಾಯಿ ಹೈಕೋರ್ಟಿನ ತೀರ್ಪು ಬರಲು 1937 ಆದದ್ದು. ಬೊಗಸೆ ನೀರಿಗೆ ಹತ್ತು ವರ್ಷ!

ಹಿರಿಯರಿಗೆ ಸಮಾಧಾನವಾಗಲಿಲ್ಲ. "ಅದೂ ಇರ್ಲಿ, ಕರ್ಣನೂ ಇರ್ಲಿ" ಅಂದರು. ಪುರಾಣ ಯಾಕೆ, ಅದು ಅವರದ್ದು ಅಂದೆವು. "ಕರ್ಣ ಅವರವ್ನು ಅಂತ ಯಾರ್ಲಾ ಯೋಳಿದ್ದು?" ಅಂದ ಅಪ್ಪ. ಮಹಾರಾಷ್ಟ್ರದಲ್ಲಿ ಸತ್ಯಶೋಧಕರು, ಆಮೇಲೆ ಅಂಬೇಡ್ಕರ್ ಅನುಯಾಯಿಗಳು ತಮಾಷಾದ ಮೈಯನ್ನು ಉಳಿಸಿಕೊಂಡು ಮಾತನ್ನು ಬದಲಿಸಿ ಜಲ್ಸಾ ಕಟ್ಟಿದ್ದು ನಮಗೆ ನೆನಪಾಯಿತು. ಓದಿದ್ದೆವು, ಅಪ್ಪನ ಬಾಯಲ್ಲಿ ಕೇಳುವ ತನಕ ಅರ್ಥವಾಗಿರಲಿಲ್ಲ. ಮೊದಲು ಕರ್ಣನ ಒಂದು ಸೀನು, ಆಮೇಲೆ ಮಹಾಡು ಅಂತ ತೀರ್ಮಾನವಾಯಿತು.

ಹಾರ್ಮೋನಿಯಂ ಮೇಷ್ಟ್ರು ಒಪ್ಪಿದ್ದರು, ಊರಿನ ಭಯಕ್ಕೆ ಬರಲಿಲ್ಲ. ಆದ್ದರಿಂದ ಕರ್ಣನ ಪದಗಳಿಗೆ ತಮಟೆಯೇ ಮೇಳವಾಯಿತು. ರಟ್ಟಿನ ಕಿರೀಟ, ಅವ್ವನ ಮದುವೆ ಸೀರೆಯ ಪಂಚೆ. ಅರವತ್ತು ದಾಟಿದ ಅಪ್ಪ ರಂಗಕ್ಕೆ ಬಂದ. ನಿನ್ನ ಕುಲ ಯಾವುದು ಎಂದು ಕೃಪನ ಪಾರ್ಟಿನ ಹುಡುಗ ಕೇಳಿದ. ಮೇಷ್ಟ್ರು ಕಲಿಸಿದ್ದರಲ್ಲಿ ಕರ್ಣ ಅಲ್ಲಿ ತಲೆ ತಗ್ಗಿಸಬೇಕು. ಅಪ್ಪ ತಗ್ಗಿಸಲಿಲ್ಲ. ತಮಟೆಯವರ ಕಡೆ ಕೈ ತೋರಿಸಿ ಸುಮ್ಮನೆ ನಿಂತ. ಕೋಲು ಕಡ್ಡಿ ಎದ್ದವು. ಒನ್ಸ್ ಮೋರ್ ಅಂತ ಕೇರಿಗೆ ಕೇರಿಯೇ ಕೂಗಿತು. ಅವ್ವ ಮುಂದಿನ ಚಾಪೆಯಲ್ಲಿ ಕೂತು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಆವತ್ತು ಜಾಲಿಮರದ ಬುಡದಲ್ಲಿ ಬೇರೆ ಜನ ನಿಂತಿದ್ದರು. ಊರಿನ ಕೆಲವು ಹೆಂಗಸರು, ಮಕ್ಕಳು, ಇಬ್ಬರು ಮೂವರು ಮುದುಕರು. ನಿಂತುಕೊಳ್ಳಲಿ, ಇವರಿಗೂ ಕಾಲು ನೋಯಲಿ ಅಂತ ನಾವಂದುಕೊಂಡದ್ದು ನಿಜ. ಅವ್ವ ಎದ್ದು ಹೋದಳು. "ಬನ್ರವ್ವಾ, ಚಾಪೆ ಅದೆ. ಮಕ್ಳ ಯಾಕೆ ನಿಲ್ಸೀರಿ?" ಅಂದಳು. ಕೆಲವರು ಬಂದು ಕೂತರು. ಕೆಲವರು ಕತ್ತಲಲ್ಲಿ ಸರಿದು ಹೋದರು. ನಮಗೆ ಅವ್ವನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಪೂರ್ತಿ ಹೋಗಿದೆ ಅಂತ ಇವತ್ತೂ ಹೇಳಲಾರೆವು.

ಈ ವರ್ಷದ ಮಾರಿಹಬ್ಬಕ್ಕೆ ಊರಿನಿಂದ ತಮಟೆಗೆ ಕರೆ ಬಂದಿದೆ. ಡಿಜೆಯ ಮುಂದೆ ದೇವರು ಏಳಲಿಲ್ಲವಂತೆ! ಕರೆಯಲು ಬಂದವರು ಅಪ್ಪನಿಗೆ ಬನ್ನಿ ಅಂದರು. ಅಪ್ಪ ಜಗುಲಿಯ ಮೇಲೆ ಹುಲ್ಲಿನ ಸಿವುಡು ಇಟ್ಟುಕೊಂಡು ಕೂತಿದ್ದ. "ಎಲ್ಡು ಮಾತು ಬಾಕಿ ಅವೆ" ಅಂದ. ಅವರು ಯೋಚಿಸಿ ಹೇಳುತ್ತೇವೆ ಅಂತ ಹೋಗಿದ್ದಾರೆ.

ಗೆಳೆಯರೇ, ನಿಮ್ಮ ಊರುಗಳ ನಾಟಕದಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರಿಗೆ ಯಾವ ಪಾರ್ಟು ಸಿಗುತ್ತದೆ, ಈ ಹಬ್ಬದಲ್ಲಿ ನೋಡಿ ಬರೆಯಿರಿ.